ಸರದಿ ಮೇಲೆ ಬಂದ ಬಸ್ ಸ್ಟಾಪ್

ನಮ್ಮ ಏರಿಕೊಪ್ಪದಲ್ಲಿ ಇರೋದು ಹನ್ನೊಂದೇ ಮನೆ. ಬೇರೆ ಊರಲ್ಲಿ ನೂರು ಮನೆಯವರು ಹಂಚಿಕೊಂಡು ಮಾಡೋ ಎಡವಟ್ಟನ್ನ ನಾವು ಹನ್ನೊಂದು ಮನೆಯವರೇ ಮಾಡಿ ಮುಗಿಸಬೇಕು. ಹಾಗಾಗಿ ಇಲ್ಲಿ ಯಾರಿಗೂ ಬಿಡುವಿಲ್ಲ, ನನಗಂತೂ ಇಲ್ಲವೇ ಇಲ್ಲ.

೧. ಹುಣಸೆಮರದ ಹತ್ರ ಎಡಕ್ಕೆ

ಮೊದಲು ಭೂಗೋಳ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಭೂಗೋಳ ಹೇಳ್ತಾನೆ ಅಂತ ನಗಬೇಡಿ, ನಮ್ಮೂರದ್ದು ಬಹಳ ಸಲೀಸು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗೋ ಒಳದಾರಿ ಒಂದು ಕಡೆ ನಾಲೆ ಏರಿ ಹತ್ತುತ್ತೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ, ಗದ್ದೆ ಅಂಚಿಗೆ ನಾವು. ಒಂದು ಮನೆಯಲ್ಲಿ ಕೂಗಿದ್ರೆ ಪಕ್ಕದ ಮನೆಗೆ ಕೇಳಲ್ಲ. ಹನ್ನೊಂದು ಮನೆ ದಾಟೋದ್ರೊಳಗೆ ಎರಡು ಕಿಲೋಮೀಟರ್ ಆಗಿರುತ್ತೆ.

ಒಂದು ದಿನ ಕೊರಿಯರ್‌ನವನೊಬ್ಬ ಬಂದು ನಮ್ಮಜ್ಜನ ಹತ್ರ ದಾರಿ ಕೇಳಿದ. ಹುಣಸೆಮರದ ಹತ್ರ ಎಡಕ್ಕೆ ತಿರುಗಿ, ಹಳೇ ಆಲೆಮನೆ ದಾಟಿದ್ರೆ ಅದೇ ಮನೆ ಅಂತ ಅಜ್ಜ ಹೇಳಿದ್ರು. ಪಾಪ, ಅವನು ಏರಿ ಮೇಲೆ ಮೂರು ಸುತ್ತು ಹೊಡೆದು ಬೆವರು ಒರೆಸ್ಕೊಂಡು ವಾಪಸ್ ಬಂದ. ಹುಣಸೆಮರ ಎಲ್ಲೂ ಕಾಣ್ಲಿಲ್ಲ ಅಂದ.

ಅಜ್ಜ ಎಲೆಅಡಿಕೆ ಉಗಿದು ಸಮಾಧಾನವಾಗಿ ಹೇಳಿದ್ರು: "ಹೆಂಗೆ ಕಾಣುತ್ತೆ ಮಾರಾಯ? ಅದನ್ನ ಕಡಿದು ಇಪ್ಪತ್ತು ವರ್ಷ ಆಯ್ತು."

೨. ಜನಗಣತಿ

ಬಸ್ಸು ನಮ್ಮೂರ ಮೇಲೇ ಹೋಗುತ್ತೆ, ನಿಲ್ಲಲ್ಲ. ಬೋರ್ಡ್ ಇಲ್ಲದ ಕಡೆ ನಿಲ್ಲಿಸಬಾರದು ಅಂತ ಓನರ್ ಆರ್ಡರ್ ಆಗಿದೆ ಅಂತ ಕಂಡಕ್ಟರ್ ಕಿಟಕಿಯಿಂದ ಕೂಗಿ ಹೇಳ್ತಾನೆ. ಆ ಮಾತು ಮುಗಿಯೋದ್ರೊಳಗೆ ಬಸ್ಸು ಹನ್ನೊಂದನೇ ಮನೆ ದಾಟಿರುತ್ತೆ.

ನನ್ನ ತಂಗಿ ಭದ್ರಾವತಿ ನ್ಯೂ ಟೌನ್‌ನಲ್ಲಿ ಹತ್ತನೇ ಕ್ಲಾಸು. ದಿನಾ ಬಸ್ಸು ನಿಲ್ಲೋ ಕ್ರಾಸ್ ತನಕ ನಡೆದು, ದಿನಾ ಲೇಟಾಗಿ ಬೈಸ್ಕೊಳ್ತಿದ್ಲು. ಇಷ್ಟು ಕಷ್ಟ ಪಡೋ ಬದಲು ಮನೇಲೇ ಇರ್ಲಿ ಬಿಡು ಅಂತ ಅಪ್ಪ ಅನ್ನೋಕೆ ಶುರು ಮಾಡಿದ್ರು. ನಾನು ಶಾಲೆ ಬಿಟ್ಟಾಗ ಊರೇ ನಿಟ್ಟುಸಿರು ಬಿಟ್ಟಿತ್ತು, ಮೇಷ್ಟ್ರಂತೂ ಸ್ವೀಟ್ ಹಂಚಿದ್ರು ಅಂತ ಸುದ್ದಿ. ಆದ್ರೆ ಇವಳು ಓದೋಳು. ಮನೆಗೊಬ್ಬ ದಡ್ಡ ಸಾಕು.

ಅಜ್ಜನ್ನ ಕರ್ಕೊಂಡು ಶಿವಮೊಗ್ಗದ ವಿನೋಬನಗರದಲ್ಲಿರೋ ಬಸ್ ಓನರ್ ಮನೆಗೆ ಹೋದೆ. ಊರಲ್ಲಿ ಎಷ್ಟು ಜನ ಇದ್ದೀರಿ ಅಂತ ಅವರು ಕೇಳಿದ್ರು. ಅಜ್ಜ ಬೆರಳು ಮಡಚಿ ಎಣಿಸಿದ್ರು. ಗೋಪಾಳದಲ್ಲಿ ಮನೆ ಕಟ್ಕೊಂಡು ಹೋದವರನ್ನ, ಮದುವೆಯಾಗಿ ಹೋದವರನ್ನ, ತೀರಿಹೋದ ನಮ್ಮಜ್ಜಿಯನ್ನೂ ಸೇರಿಸಿ ನೂರಹತ್ತು ಅಂದ್ರು.

ಓನರ್‌ಗೆ ಅನುಮಾನ. "ಅಷ್ಟೊಂದು ಜನ ಇದ್ರೆ ನಮ್ಮ ಡ್ರೈವರ್‌ಗೆ ಯಾಕೆ ಕಾಣ್ಸಲ್ಲ?"

"ನಿಲ್ಸಿ ನೋಡಿದ್ರೆ ತಾನೇ ಸ್ವಾಮಿ ಕಾಣ್ಸೋದು?" ಅಂದ್ರು ಅಜ್ಜ.

ಓನರ್ ನಕ್ಕುಬಿಟ್ರು. ಬೋರ್ಡ್ ಹಾಕಿ, ಒಂದು ತಿಂಗಳು ನಿಲ್ಲಿಸ್ತೀವಿ, ಕೊನೇ ದಿನ ನಾನೇ ಬಂದು ನೋಡ್ತೀನಿ, ಹತ್ತೋ ಜನ ಇಲ್ಲದಿದ್ರೆ ಕ್ಯಾನ್ಸಲ್ ಅಂದ್ರು.

೩. ಮೊದಲು ಬಂದವರು

ಬೋರ್ಡ್ ಬರೆಸಿದ್ದಾಯ್ತು. ನೆಡೋದು ಎಲ್ಲಿ? ಊರು ಶುರುವಾದ ಜಾಗದಲ್ಲಿ ಅಂತ ಯಾರೋ ಅಂದ್ರು. ಅಲ್ಲಿಗೆ ಇತಿಹಾಸ ಎದ್ದು ಕೂತ್ಕೊಂತು.

ನಾಲೆ ತೋಡಿದ ಕಾಲಕ್ಕೆ ನಮ್ಮ ತಾತನೇ ಮೊದಲು ಬಂದಿದ್ದು, ಆಗ ಇಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ ಅಂತ ಮೊದಲನೇ ಮನೆಯವರು ಅಂದ್ರು. ಎರಡನೇ ಮನೆಯವರೂ ಅದನ್ನೇ ಅಂದ್ರು. ಹನ್ನೊಂದನೇ ಮನೆ ತನಕ ಎಲ್ಲರ ತಾತನೂ ಮೊದಲೇ ಬಂದಿದ್ರು, ಯಾರ ತಾತನಿಗೂ ಇನ್ನೊಬ್ಬರ ತಾತ ಕಂಡಿರ್ಲಿಲ್ಲ.

ಎಲ್ಲರೂ ಮೊದಲು ಬಂದ್ರೆ ಎರಡನೆಯವರು ಯಾರು ಅಂತ ನಾನು ಬಾಯಿ ಹಾಕಿದೆ. ಕೊನೇ ಮನೆ ಅಜ್ಜಿ ಅಂದ್ಲು:

"ಎರಡನೆಯವರು ಯಾರೂ ಬರ್ಲಿಲ್ಲ ಕಣೋ. ಅದಕ್ಕೇ ಊರು ಇಷ್ಟೇ ಇರೋದು."

೪. ನೀರಿನ ಲೆಕ್ಕ

ನಮ್ಮೂರಲ್ಲಿ ಯಾವ ಜಗಳಕ್ಕೂ ಇರೋ ಮದ್ದು ಒಂದೇ, ಸರದಿ. ನಾಲೆ ನೀರು ಇವತ್ತು ಇವರ ಗದ್ದೆಗೆ, ನಾಳೆ ಅವರ ಗದ್ದೆಗೆ. ಬಸ್ ಸ್ಟಾಪಿಗೂ ಅದೇ ಕಾನೂನು ಮಾಡಿದ್ರು. ಬೋರ್ಡಿನ ಕಂಬವನ್ನ ಎಣ್ಣೆ ಡಬ್ಬಕ್ಕೆ ಇಟ್ಟು ಸಿಮೆಂಟ್ ತುಂಬಿಸಿ, ದಿನಕ್ಕೊಂದು ಮನೆ ಮುಂದೆ ಇಡೋದು ಅಂತ ತೀರ್ಮಾನ ಆಯ್ತು.

ಮೊದಲ ವಾರ ಡ್ರೈವರ್‌ಗೆ ತಲೆ ಕೆಟ್ಟುಹೋಯ್ತು. ನಿನ್ನೆ ಇಲ್ಲಿದ್ದ ಸ್ಟಾಪ್ ಇವತ್ತು ಎಲ್ಲಿ ಅಂತ ಕೇಳಿದ. ನಿಮ್ಮ ಪುಣ್ಯ, ನಾಳೆ ನಮ್ಮನೆ ಮುಂದೆ ಅಂತ ನಮ್ಮವರು ಸಂಭ್ರಮದಿಂದ ಹೇಳಿದ್ರು. ಬೋರ್ಡ್ ಒಂದು ತುದೀಲಿ, ಹತ್ತೋರು ಇನ್ನೊಂದು ತುದೀಲಿ. ಬೆಳಿಗ್ಗೆ ಎಂಟಕ್ಕೆ ಏರಿ ಮೇಲೆ ಊರೇ ಓಡ್ತಿತ್ತು. ಮೊಣಕಾಲು ನೋವಿಗೆ ಡಾಕ್ಟರ್ ಹತ್ರ ಹೊರಟಿದ್ದ ಕೊನೇ ಮನೆ ಅಜ್ಜಿ, ಎರಡು ವಾರ ಓಡಿ ಓಡಿ ನೋವೇ ಹೋಯ್ತು ಅಂತ ಅರ್ಧ ದಾರೀಲಿ ವಾಪಸ್ ಬಂದ್ಲು.

೫. ಓನರ್ ಬಂದ ದಿನ

ತಿಂಗಳ ಕೊನೇ ದಿನ. ತಂಗಿಗೆ ಅವತ್ತೇ ಪ್ರಿಪರೇಟರಿ ಪರೀಕ್ಷೆ. ಬೋರ್ಡ್ ಸರದಿ ಹನ್ನೊಂದನೇ ಮನೆದು, ನಮ್ಮದು ಎರಡನೇದು. ಅವಳು ಹಾಲ್ ಟಿಕೆಟ್ ಹುಡುಕಿ ಈಚೆ ಬರೋದ್ರೊಳಗೆ ದೂರದಲ್ಲಿ ಹಾರನ್ ಕೇಳಿಸ್ತು. ಓಡಿದ್ರೆ ಸಿಗೋ ದೂರ ಅಲ್ಲ.

ನಾಲೆ ನೀರು ಕದಿಯೋದು ಗೊತ್ತಿದ್ದವನಿಗೆ ಸ್ಟಾಪ್ ಕದಿಯೋದು ಏನು ಮಹಾ? ಸಿಮೆಂಟ್ ಡಬ್ಬ ಬೆಳಕು ಹರಿಯೋ ಮುಂಚೆಯೇ ನಮ್ಮ ಕೊಟ್ಟಿಗೆ ಸೇರಿತ್ತು. ಹಾಲಿನ ಕ್ಯಾನ್ ಸಾಗಿಸೋ ಅಪ್ಪನ ಮೊಪೆಡ್ಡಿಗೆ ಅದನ್ನ ಕಟ್ಟಿ, ಏರಿ ಮೇಲೆ ತಂದು ನಿಲ್ಲಿಸಿದೆ. ಬಸ್ಸು ನಿಲ್ತು. ತಂಗಿ ಹತ್ತಿದ್ಲು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದ್ರೆ ಮುಂದಿನ ಮನೆಗಳ ಮುಂದೆಲ್ಲ ಜನ ಬೋರ್ಡ್ ಎಲ್ಲೂ ಕಾಣದೆ, ಯಾವ ಕಡೆ ಓಡೋದು ಅಂತ ಗೊತ್ತಾಗದೆ ಚೀಲ ಹಿಡ್ಕೊಂಡು ನಿಂತಿದಾರೆ, ಮುಂದಿನ ಸೀಟಲ್ಲಿ ಓನರ್ ಕೂತಿದಾರೆ. ಮೊಪೆಡ್ ಸ್ಟಾರ್ಟ್ ಮಾಡಿ ಬಸ್ಸಿನ ಮುಂದೆ ಹೊರಟೆ. ಏರಿ ಮೇಲೆ ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ. ನಾನು ನಿಂತ ಕಡೆ ಸ್ಟಾಪ್, ಸ್ಟಾಪ್ ಇದ್ದ ಕಡೆ ಬಸ್ಸು. ಒಂಬತ್ತು ಮನೆ ಮುಂದೆ ನಿಂತೆ. ಕೊನೇ ಮನೆ ಅಜ್ಜಿ, ಎಲ್ಲಿಗೂ ಹೋಗೋದಿಲ್ಲದಿದ್ರೂ, ತನ್ನ ಸರದಿ ಬಿಡಬಾರದು ಅಂತ ಹತ್ತಿ ಕೂತ್ಲು.

ಓನರ್ ಇಳಿದು ಬಂದ್ರು. ಒಂದು ಏಟು ಗ್ಯಾರಂಟಿ ಅಂತ ಕೆನ್ನೆ ಗಟ್ಟಿ ಮಾಡ್ಕೊಂಡೆ. ಅವರು ಬೋರ್ಡ್ ನೋಡಿದ್ರು, ನನ್ನ ನೋಡಿದ್ರು, ತುಂಬಿದ ಬಸ್ಸು ನೋಡಿದ್ರು.

"ಆ ಡಬ್ಬ ಇಳಿಸೋ ಮಾರಾಯ. ಇನ್ಮೇಲೆ ಇವರು ಎಲ್ಲಿ ಕೈ ಅಡ್ಡ ಹಾಕಿದ್ರೂ ನಿಲ್ಲಿಸ್ತೀವಿ."

ತಂಗಿ ಕಿಟಕಿಯಿಂದ ಹಲ್ಲು ಕಿರಿದ್ಲು. ಅವತ್ತು ಪರೀಕ್ಷೆಗೆ ಹತ್ತು ನಿಮಿಷ ಮುಂಚೆ ಹೋಗಿದ್ಲಂತೆ. ಇನ್ನೊಂದು ಸಲ ಪರೀಕ್ಷೆ ಕಟ್ಟು, ಒಟ್ಟಿಗೇ ಹೋಗೋಣ ಅಂತ ಈಗ ನನ್ನ ಪ್ರಾಣ ತಿಂತಿದಾಳೆ. ಕಟ್ಟಿದ್ದೀನಿ. ಅದೂ ಎಡವಟ್ಟೇ.

ಬೋರ್ಡ್ ಈಗ ನಮ್ಮ ಹಿತ್ತಲಲ್ಲಿ ಕೋಳಿಗೂಡಿನ ಬಾಗಿಲು. ಮೊನ್ನೆ ಅದೇ ಕೊರಿಯರ್‌ನವನು ಬಂದು ದಾರಿ ಕೇಳಿದ. ಅಜ್ಜ ಏರಿ ಕಡೆ ಕೈ ತೋರಿಸಿ, ಬಸ್ ಸ್ಟಾಪ್ ಬೋರ್ಡ್ ಇತ್ತಲ್ಲ, ಅಲ್ಲಿ ಬಲಕ್ಕೆ ಅಂದ್ರು.

ಅವನು ಈ ಸಲ ಹುಷಾರಾಗಿದ್ದ. "ಅದು ಯಾರ ಮನೆ ಮುಂದೆ ಇತ್ತಜ್ಜ?"

"ಎಲ್ಲರ ಮನೆ ಮುಂದೆ," ಅಂದ್ರು ಅಜ್ಜ.