ಸೋಮವಾರ ನಮ್ಮ ಮೊಬೈಲಿಗೂ ಉಪವಾಸ

ದೇವರಿಗೆ ನಗಬೇಕು ಅನ್ನಿಸಿದಾಗ ಆತ ನಮ್ಮ ಮನೆಯ ಕಡೆ ನೋಡುತ್ತಾನೆ ಎಂದು ನಾನು ನಂಬಿದ್ದೇನೆ. ಇಲ್ಲದಿದ್ದರೆ ವಾರಕ್ಕೊಂದು ಇಂಥದ್ದು ನಮ್ಮಲ್ಲೇ ಯಾಕೆ ನಡೆಯಬೇಕು?

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ಶಾಲೆಯಲ್ಲಿ ಪಾಠ ಹೇಳುವ ಮಗಳು ಮತ್ತು ನಾನು. ಈ ಸಲ ಶ್ರಾವಣ ಹತ್ತುತ್ತಿದ್ದಂತೆ ಹುಮನಾಬಾದಿನಿಂದ ಒಂದು ಕುಟುಂಬದವರು ಮಗಳನ್ನು ನೋಡಿಕೊಂಡು ಹೋದರು. ಒಳ್ಳೆಯ ಮನೆತನ, ನೆಲ ನೋಡಿ ಮಾತಾಡುವ ಹುಡುಗ. “ಹಿರೇರಿಗೆಲ್ಲಾ ಕೇಳಿ, ಶ್ರಾವಣದ ಕಡೇ ಸೋಮವಾರ ತಿಳಸ್ತೇವ್ರಿ” ಎಂದರು.

ಅಲ್ಲಿಯವರೆಗೆ ಜೀವ ತಡೆಯಬೇಕಲ್ಲ? ನಾನು ದೇವರ ಜಗಲಿಯ ಮುಂದೆ ಕೈಮುಗಿದು ಹರಕೆ ಹೊತ್ತೆ. “ತಂದೀ, ಈ ಸಂಬಂಧ ಕೂಡಿ ಬರಲಿ. ಶ್ರಾವಣದ ಪ್ರತಿ ಸೋಮವಾರ ಮುಂಜಾನಿಂದ ಸಂಜೀ ದೀಪ ಹಚ್ಚೂತನಕ ನಮ್ಮ ಮನ್ಯಾಗ ಯಾರೂ ಮೊಬೈಲ್ ಮುಟ್ಟೂದಿಲ್ಲ.”

ಹಿಂದೆ ನಿಂತಿದ್ದ ಮಗಳು ಕೇಳಿದಳು, “ಅವ್ವಾ, ಹರಕಿ ನಿಂದು, ಉಪವಾಸ ನಮ್ದೇನು?”

ಫಲಾಹಾರ

ಮೊದಲ ಸೋಮವಾರ ಬೆಳಿಗ್ಗೆಯೇ ನಮ್ಮ ಮನೆಯವರು ತಕರಾರು ತೆಗೆದರು.

“ಉಪವಾಸ ಅಂದ ಮ್ಯಾಲ ಫಲಾಹಾರ ಇರಬೇಕಲ್ಲ? ನೀ ಸಾಬೂದಾಣಿ ಖಿಚಡಿ ತಿಂತಿ, ಶೇಂಗಾ ತಿಂತಿ. ಹಂಗ ಮೊಬೈಲಿನಾಗೂ ಏನರೆ ಹಗೂರಂದು ನಡೀಬೇಕು.”

“ಯಾವುದ್ರಿ ಹಗೂರಂದು?”

“ಕ್ರಿಕೆಟ್ ಸ್ಕೋರ್ ಒಂದ ಬಾಳಿಹಣ್ಣಿನಷ್ಟು. ಗಿಡದ ವಿಡಿಯೊ ಅಂತೂ ಬರೇ ಕಾಯಿಪಲ್ಯ, ಅದರಾಗ ಪಾಪ ಎಲ್ಲಿ ಬಂತು?”

ಅತ್ತೆಯೂ ಮಗನ ಕಡೆಗೇ ನಿಂತರು. “ಟೈಮ್ ನೋಡೂದಂದ್ರ ನೀರು ಕುಡದ್ಹಂಗ. ನೀರಿಗೆ ಯಾರೂ ಬ್ಯಾಡ ಅನ್ನೂದಿಲ್ಲ.”

ನಾನು ಗೋಡೆಯ ಗಡಿಯಾರ ತೋರಿಸಿದೆ. ಮಾಳಿಗೆಯ ಮೇಲೆ ತೋಟ ಮಾಡುವುದು ಮನೆಯವರ ಹವ್ಯಾಸ. ದಿನಾ ಅದರ ವಿಡಿಯೊ ನೋಡುತ್ತಾರೆ. ಅಂದು ಬೇರೆ ಕೆಲಸವಿಲ್ಲದೆ ಮಾಳಿಗೆಗೇ ಹತ್ತಿದರು. ಸ್ವಲ್ಪ ಹೊತ್ತಿಗೆ ಇಳಿದು ಬಂದರು.

“ಕುಂಡ್ಯಾಗ ಒಂದೂ ಗಿಡಾನ ಇಲ್ಲಲ್ಲ?”

“ಬೀಜ ಹಾಕೀರೇನು?”

“ಬೀಜ ಹ್ಯಾಂಗ ಹಾಕಬೇಕು ಅನ್ನೂದ ಇನ್ನಾ ನೋಡಾಕತ್ತೇನಿ.”

ಹೂವಿನ ಚಿತ್ರ

ನಮ್ಮ ಅತ್ತೆ ಬೆಳಗಿನ ಪೂಜೆ ಮುಗಿಸಿ ಬಳಗಕ್ಕೆಲ್ಲ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾರೆ. ಅದರಲ್ಲಿ ‘ಶುಭೋದಯ’ ಎಂದಿರುತ್ತದೆ. ಅದೂ ಒಂದು ಪೂಜೆಯೇ ಎಂದು ಅವರ ವಾದ. ಉಪವಾಸದ ದಿನ ಆ ಚಿತ್ರ ಹೋಗಲಿಲ್ಲ.

ಹನ್ನೊಂದರ ಹೊತ್ತಿಗೆ ಚಿಟಗುಪ್ಪದಿಂದ ಅತ್ತೆಯ ತಂಗಿ ಬಂದಿಳಿದರು. ಮುಖ ಸಣ್ಣದಾಗಿತ್ತು, ಸೆರಗು ಬಾಯಿಗೆ ಹಿಡಿದಿದ್ದರು. ಒಳಗೆ ಬಂದು ನೋಡಿದರೆ ಅಕ್ಕ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಾರೆ.

“ನೀ ಅದೀಯಲ್ಲ?” ಎಂದರು ತಂಗಿ.

“ಎಲ್ಲಿ ಹೋಗಲಿ?”

“ಮುಂಜಾನಿ ಹೂವು ಬರಲಿಲ್ಲ. ಫೋನ್ ಹಚ್ಚಿದ್ರ ಯಾರೂ ಎತ್ತವಲ್ರು. ಮುಗೀತು ಅಂತ ತಿಳದು ಸಿಕ್ಕ ಬಸ್ ಹತ್ತಿ ಬಂದೆ.”

ಅತ್ತೆ ತಂಗಿಯ ಕೈಚೀಲವನ್ನೇ ನೋಡುತ್ತಿದ್ದರು. “ಅದರಾಗ ಏನದ?”

ತಂಗಿ ಚೀಲವನ್ನು ಬೆನ್ನ ಹಿಂದೆ ಸರಿಸಿದರು. ಅತ್ತೆ ತಾವೇ ಬಿಚ್ಚಿ ನೋಡಿದರು. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಸೇವಂತಿಗೆಯ ಹಾರ.

“ಛಲೋ ತಾಜಾ ಅದ” ಎಂದರು ಅತ್ತೆ. “ಹೋಗಿ ದೇವರಿಗೆ ಹಾಕು. ನನಗ ಇನ್ನಾ ತಡಾ ಅದ.”

ಚಾಚಾನ ಡಬ್ಬಿ

ಫೋನು ಮನೆಯಲ್ಲಿದ್ದರೆ ಕೈ ಕೇಳುವುದಿಲ್ಲ ಎಂದು ಗೊತ್ತಾಯಿತು. ಪಕ್ಕದ ಮನೆಯ ಚಾಚಾ ಟೇಲರ್. ಐದು ಹೊತ್ತು ನಮಾಜು ತಪ್ಪಿಸದ ಹಿರಿಯರು. ಮುಂದಿನ ಸೋಮವಾರ ಎಲ್ಲರ ಫೋನನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅವರ ಅಂಗಡಿಗೆ ಒಯ್ದೆ.

“ಇದು ಅಮಾನತ್, ಬೇಟಿ. ಕೊಟ್ಟವರ ನಂಬಿಗಿ ಮ್ಯಾಲ ಇಟ್ಕೊಳ್ಳೂದು. ದೀಪ ಹಚ್ಚಿದ ಮ್ಯಾಲ ಬಾ” ಎಂದರು.

ಅಂದು ಮನೆಯವರಿಗೆ ಇದ್ದಕ್ಕಿದ್ದಂತೆ ಚಾಚಾನ ಮೇಲೆ ಪ್ರೀತಿ ಉಕ್ಕಿತು. ಅಂಗಡಿಗೆ ಹೋಗಿ ಡಬ್ಬಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತರು. ಒಳಗಿಂದ ಗುಂಯ್ ಅಂದಾಗಲೆಲ್ಲ, “ಇದು ನಂದಾ” ಎನ್ನುತ್ತಿದ್ದರಂತೆ. ಕಡೆಗೆ ಚಾಚಾ ಹೊಲಿಗೆ ಮಷೀನ್ ನಿಲ್ಲಿಸಿದರು.

“ಸಾಹೇಬ್ರ, ರೋಜಾ ಹಿಡದಾಗ ಬಿರಿಯಾನಿ ವಾಸನಿ ಬಂದ್ರ ರೋಜಾ ಮುರಿಯೂದಿಲ್ಲ. ಆದ್ರ ಹಂಡೇದ ಬಾಜೂಕ ಸ್ಟೂಲ್ ಹಾಕ್ಕೊಂಡು ಯಾರೂ ಕುಂಡ್ರೂದಿಲ್ಲ.”

ಕಡೇ ಸೋಮವಾರ

ಹುಮನಾಬಾದಿನವರು ಉತ್ತರ ಹೇಳುವ ದಿನವೂ ಸೋಮವಾರವೇ ಎಂಬುದನ್ನು ಹರಕೆ ಹೊರುವಾಗ ನಾನು ಯೋಚಿಸಿರಲಿಲ್ಲ. ಉತ್ತರ ಬರುವುದು ಫೋನಿಗೆ. ಫೋನು ಡಬ್ಬಿಯಲ್ಲಿ. ನೋಡಿದರೆ ಹರಕೆ ಮುರಿಯುತ್ತದೆ, ಮುರಿದರೆ ಸಂಬಂಧ ಉಳಿದೀತೇ? ಬೆಳಗಿನಿಂದ ನನ್ನ ಜಪ ತಪ್ಪುತ್ತಲೇ ಇತ್ತು.

ಮಗಳು ಶಾಲೆಯಿಂದ ಬಂದ ಹೊತ್ತಿಗೆ ಚಾಚಾ ಡಬ್ಬಿಯನ್ನೇ ಎತ್ತಿಕೊಂಡು ಬಂದರು. “ಬೇಟಿ, ಇವತ್ತ ಇದು ಭಾಳ ಒದರಾಕತ್ತದ. ಗಿರಾಕಿ ಅಂಜಾಕತ್ತಾರ.”

ಮನೆಯವರಿಗೆ ಉಪಾಯ ಹೊಳೆಯಿತು. “ಚಾಚಾ, ನಿಮಗೇನು ಹರಕಿ ಇಲ್ಲ. ನೀವ ತೆಗದು ಓದ್ರಿ, ನಾವು ಬರೇ ಕೇಳತೇವಿ.”

“ತೌಬಾ, ಅಮಾನತ್ ತೆಗದು ನೋಡೂದೇನು?” ಚಾಚಾ ಡಬ್ಬಿಯನ್ನು ಎದೆಗವಚಿಕೊಂಡರು.

ಎಲ್ಲರೂ ನನ್ನನ್ನು ನೋಡಿದರು. ನನ್ನ ಮನಸ್ಸೂ ಅಲ್ಲಾಡಿತ್ತು ಎನ್ನುವುದು ದೇವರಿಗೆ ಗೊತ್ತು. ಆಗ ಮಗಳೇ ಹೇಳಿದಳು, “ಯಾರೂ ಮುಟ್ಟಬ್ಯಾಡ್ರಿ. ಸಂಜೀತನಕ ತಡೀರಿ.” ತಿಂಗಳಿಡೀ ನನ್ನ ಹರಕೆಗೆ ನಕ್ಕವಳು ಅವಳು.

ಮನೆಯವರು ಕನ್ನಡಕ ಮೇಲೇರಿಸಿದರು. “ಹುಡುಗ ನಿನ್ನ ಮನಸ್ಸಿಗೆ ಇಷ್ಟು ಸೇರ್ಯಾನಂತ ನನಗ ಗೊತ್ತ ಇರಲಿಲ್ಲ ನೋಡವಾ.”

ಅಷ್ಟರಲ್ಲಿ ಬಾಗಿಲ ಮುಂದೆ ಕಾರು ನಿಂತಿತು. ಹುಡುಗನ ತಾಯಿ ಇಳಿದು ಬಂದರು. ಹಿಂದೆ ಹುಡುಗ, ನೆಲ ನೋಡುತ್ತ.

“ನಮ್ಮ ಕಡಿಂದ ಏನರೆ ತಪ್ಪಾತೇನ್ರಿ ಅಕ್ಕಾರ?” ಎಂದರು ತಾಯಿ, ಹೊಸ್ತಿಲಲ್ಲೇ ನಿಂತು. “ನಮ್ಮದು ಒಪ್ಪಿಗಿ ಅಂತ ಮುಂಜಾನಿನೇ ಮೆಸೇಜ್ ಹಾಕೇವಿ. ಯಾರೂ ನೋಡಿಲ್ಲ, ಫೋನೂ ಎತ್ತಿಲ್ಲ. ನಿಮಗ ಮನಸ್ಸಿಲ್ಲ ಅಂತ ತಿಳಕೊಂಡು ಇಂವ ಒಂದ ತುತ್ತೂ ತಿಂದಿಲ್ರಿ. ಫೋನ್ ಹಿಡಕೊಂಡ ಕುಂತಾನ.”

ನಾನು ಜಗಲಿಯ ಕಡೆ ತಿರುಗಿ ಕೈಮುಗಿದೆ. ಮನೆಯವರು ಹರಕೆಯ ಕಥೆ ಹೇಳಿದರು. ತಾಯಿ ಮೊದಲು ಬಾಯಿ ತೆರೆದು ಕುಳಿತು, ಆಮೇಲೆ ಕಣ್ಣೀರು ಬರುವಷ್ಟು ನಕ್ಕರು. ಅತ್ತೆ ಹುಡುಗನನ್ನು ಕೂರಿಸಿ ಖಿಚಡಿಯ ತಾಟು ತರಿಸಿದರು. ಹೊಟ್ಟೆಗಿಲ್ಲದ ಹುಡುಗ ಮುಂದೆ ತಾಟಿದ್ದರೂ ಮುಟ್ಟಲಿಲ್ಲ. ಮೊದಲ ಸಲ ತಲೆ ಎತ್ತಿ ಮಗಳನ್ನು ನೋಡಿದ.

“ನಿಮ್ಮ ಉತ್ತರ ಏನಂತ ಹೇಳಲಿಲ್ಲಲ್ರಿ?”

ಮಗಳು ಗಂಭೀರವಾಗಿ ಗಡಿಯಾರ ನೋಡಿದಳು. “ಮೆಸೇಜಿಗೆ ಉತ್ತರ ಮೆಸೇಜಿನಾಗ ಕೊಡಬೇಕಲ್ರಿ. ನಮ್ದು ಉಪವಾಸ ಅದ. ದೀಪ ಹಚ್ಚಿದ ಮ್ಯಾಲ ಕಳಸ್ತೇನಿ.”

ಹುಡುಗ ಕಿಟಕಿಯಾಚೆ ನೋಡಿದ. ಅವನ ತಾಯಿ ನೋಡಿದರು. ಡಬ್ಬಿ ಹಿಡಿದು ನಿಂತಿದ್ದ ಚಾಚಾನೂ ನೋಡಿದರು. ನಾನು ಮೆಲ್ಲಗೆ ಎದ್ದು, ದೇವರ ಕ್ಷಮೆ ಕೇಳಿ, ಬತ್ತಿಗೆ ಎಣ್ಣೆ ಹಾಕಿ ದೀಪ ಹಚ್ಚಿದೆ.

ಹೊರಗೆ ಇನ್ನೂ ಚೆನ್ನಾಗಿ ಬಿಸಿಲಿತ್ತು.