ಒಂದೇ ದಿನ ಬಂದು ಹೋದ ಸರ್ಕಾರಿ ಬಸ್ಸಿಗೆ

ಮೇಲಿನಕೊಪ್ಪ–ತೀರ್ಥಹಳ್ಳಿ ಮಾರ್ಗದ ಘನ ಸರ್ಕಾರಿ ಬಸ್ಸಿನ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಎಲ್ಲೇ ಇದ್ದರೂ ಟೈರು, ಬ್ರೇಕು, ಸೀಟು ಸಮೇತ ಕ್ಷೇಮವಾಗಿದ್ದೀರೆಂದು ನಂಬಿ, ತೀರ್ಥಹಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸಿ ಮತ್ತೆ ಮಡಿಚಿಡುವ ಕೆಲಸದ ಕುಮುದಾ ಮಾಡುವ ಅನಂತ ನಮಸ್ಕಾರಗಳು.

ತಾವು ನಮ್ಮೂರಿಗೆ ದಯಮಾಡಿಸಿದ ಆ ಸೋಮವಾರವನ್ನು ಇಲ್ಲಿ ಯಾರೂ ಮರೆತಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವೆಂದು ಸಾರಿ ಎಷ್ಟೋ ಕಾಲವಾಗಿದ್ದರೂ, ಖಾಸಗಿ ಬಸ್ಸು ಬಿಟ್ಟರೆ ಬೇರೆ ಗತಿಯಿಲ್ಲದ ನಮಗೆ ಅದು ನೆಂಟರಲ್ಲದವರ ಮನೆಯ ಮದುವೆಯೂಟದ ಸುದ್ದಿಯಂತಿತ್ತು. ಅರ್ಜಿಯ ಮೇಲೆ ಅರ್ಜಿ ಬರೆದು, ಕೊನೆಗೆ ತಾವು ಬಂದಾಗ ಕಾಯಿ ಒಡೆದು, ಮಾಲೆ ಹಾಕಿ, ತೀರ್ಥಹಳ್ಳಿಯಲ್ಲಿ ಕೆಲಸವಿದ್ದವರೂ ಇಲ್ಲದವರೂ ಹತ್ತಿ ಕೂತೆವು. ಪಕ್ಕದ ಮನೆಯ ವರದಮ್ಮನವರು ಅಲ್ಲಿ ಇಳಿಯದೆ ಅದೇ ಸೀಟಿನಲ್ಲಿ ವಾಪಸು ಬಂದರು. ದಾರಿಯಲ್ಲಿ ಎದುರಾದ ಖಾಸಗಿ ಬಸ್ಸಿನ ಕಂಡಕ್ಟರ್ ಪೂರ್ಣೇಶನಿಗೆ ನಾವೆಲ್ಲ ಕಿಟಕಿಯಿಂದ ಕೈ ಬೀಸಿದೆವು. ಅದರಲ್ಲಿ ಸ್ವಲ್ಪ ಗರ್ವವೂ ಇತ್ತು.

ಪೂರ್ಣೇಶನೆಂದರೆ, ಅಂಗಡಿ ಬಾಗಿಲು ಹಾಕುವುದು ತಡವಾದರೆ ನನಗಾಗಿ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದವನು, ವರದಮ್ಮನವರ ಬಿ.ಪಿ. ಮಾತ್ರೆಯನ್ನು ಪೇಟೆಯಿಂದ ತಂದು ಕೈಗೆ ಕೊಡುತ್ತಿದ್ದವನು. ಹೆಂಗಸರೇ ಹತ್ತದ ಮೇಲೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲವೆಂದು ಅವನ ಮಾಲೀಕರು ಆ ದಿನವೇ ಸಂಜೆಯ ಟ್ರಿಪ್ಪನ್ನು ಬೇರೆ ಊರಿಗೆ ಹಾಕಿದರು. ತಾವೋ, ಮಂಗಳವಾರವೇ ಬರಲಿಲ್ಲ. ಮಾಲೀಕರ ಬಳಿ ಹೋಗಿ ಕೇಳಿಕೊಂಡರೆ, "ಮಾಲೆ ಹಾಕಿದ್ರಲ್ಲ, ಅದನ್ನೇ ಕರೀರಿ" ಎಂದರು.

ಅಂದಿನಿಂದ ತಮ್ಮ ಸೇವೆಯಲ್ಲಿ ಒಂದೇ ಒಂದು ಲೋಪವನ್ನೂ ಕಂಡಿಲ್ಲ. ತಾವು ಒಂದು ದಿನವೂ ತಡವಾಗಿ ಬಂದಿಲ್ಲ, ನಡುದಾರಿಯಲ್ಲಿ ಕೆಟ್ಟು ನಿಂತಿಲ್ಲ, ಯಾರ ಮೇಲೂ ರೇಗಿಲ್ಲ, ನೂಕುನುಗ್ಗಲಂತೂ ಇಲ್ಲವೇ ಇಲ್ಲ. ಖಜಾನೆಗೆ ಇಷ್ಟು ಹಗುರವಾದ ಯೋಜನೆ ಬೇರೊಂದಿರಲಾರದು.

ತೊಂದರೆಯಾದದ್ದು ನನ್ನ ಬಾಯಿಂದ. ಆ ಸೋಮವಾರ ತಮ್ಮ ಶೂನ್ಯ ದರದ ಟಿಕೆಟನ್ನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿ ಮೆರೆದಿದ್ದೆ. ಸಂಬಳದ ಜೊತೆ ಬಸ್ ಚಾರ್ಜು ಕೊಡುತ್ತಿದ್ದ ಯಜಮಾನರು ಆ ತಿಂಗಳಿಂದಲೇ ಅದನ್ನು ನಿಲ್ಲಿಸಿ, "ನಿಮಗೆಲ್ಲ ಬಸ್ಸು ಪುಕ್ಕಟೆ ಅಲ್ದಾ, ಮತ್ತೆ ಎಂತಕ್ಕೆ?" ಎಂದರು. ಬಸ್ಸು ಬಂದದ್ದು ಆ ಒಂದೇ ದಿನ ಎಂದರೆ ನಂಬುವುದಿಲ್ಲ. ಈಗ ಬೆಳಿಗ್ಗೆ ಪೂರ್ಣೇಶನ ಬಸ್ಸಿಗೆ ಕೈಯಿಂದ ಕೊಟ್ಟು ಹೋಗುತ್ತೇನೆ, ಸಂಜೆ ಆಟೋಗೆ ಕೊಟ್ಟು ಬರುತ್ತೇನೆ. ಈ ಉಚಿತ ಪ್ರಯಾಣ ಇನ್ನು ಸ್ವಲ್ಪ ಕಾಲ ಹೀಗೇ ನಡೆದರೆ ನಾನು ಕೆಲಸ ಬಿಡಬೇಕಾಗುತ್ತದೆ. ಆ ಕೆಲಸ ನನಗೆ ಇಷ್ಟ, ಬಿಡುವುದು ಬೇಸರ.

ಹಾಗೆಂದು ತಾವು ದಿನಾ ಬರಬೇಕೆಂಬ ಅತಿಯಾಸೆ ನನಗಿಲ್ಲ. ನಮ್ಮೂರಿನ ಮಾರ್ಗದಲ್ಲಿ ತಾವು ಇಲ್ಲವೇ ಇಲ್ಲವೆಂದು ತಮ್ಮದೇ ಸಹಿ, ಮೊಹರಿರುವ ಒಂದು ದೃಢೀಕರಣ ಪತ್ರವನ್ನು ದಯಪಾಲಿಸಿದರೆ ಯಜಮಾನರ ಮುಂದೆ ಇಡುತ್ತೇನೆ. ಖುದ್ದಾಗಿ ತಂದು ಕೊಡುವ ಮನಸ್ಸಿದ್ದರೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬನ್ನಿ. ಟಿಕೆಟಿನ ದುಡ್ಡು ನಾನೇ ಕೊಡುತ್ತೇನೆ.

ಒಮ್ಮೆ ಹತ್ತಿ, ಇನ್ನೂ ಅನುಭವಿಸುತ್ತಿರುವ
ತಮ್ಮ ವಿಶ್ವಾಸಿ,
ಕುಮುದಾ, ಮೇಲಿನಕೊಪ್ಪ

ಮರೆತ ಮಾತು: ಈ ಪತ್ರವನ್ನು ಪೂರ್ಣೇಶನೇ ಬೆಳಗಿನ ಬಸ್ಸಿನಲ್ಲಿ ಒಯ್ದು ತಮ್ಮ ಆಫೀಸಿಗೆ ಮುಟ್ಟಿಸುತ್ತಾನಂತೆ. ಎಷ್ಟು ಕೊಡಬೇಕೆಂದು ಕೇಳಿದ್ದಕ್ಕೆ, "ಕಾಗದಕ್ಕೆಲ್ಲ ಎಂತ ಚಾರ್ಜು ಅಕ್ಕಾ" ಎಂದ. ಆ ಸೋಮವಾರದ ನಂತರ ನಮ್ಮೂರಿನಿಂದ ಉಚಿತವಾಗಿ ಪ್ರಯಾಣ ಮಾಡುತ್ತಿರುವುದು ಈ ಪತ್ರವೊಂದೇ.