ನಮ್ಮವರಂತೆ

ಪ್ರೂಫಣ್ಣನ ಗುರುತಿನ ಕಾರ್ಡಿನ ಅವಧಿ ಶನಿವಾರ ಮುಗಿಯಿತು. ಭಾನುವಾರ ಅವನ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎರಡರ ನಡುವೆ ಇದ್ದದ್ದು ಒಂದೇ ರಾತ್ರಿ. ಆ ಸಂದಿಯಲ್ಲಿ ಅವನು ಬಾಗಿಲಿಗೆ ಸಿಕ್ಕ ಬೆರಳಿನ ಹಾಗೆ ಸಿಕ್ಕಿಹಾಕಿಕೊಂಡ.

"ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್," ಸೋಮವಾರ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಂಗಸು ಹೇಳಿದಳು. "ಒಪ್ಪಿಗೆಗೆ ಮಗನ ಸಹಿ ಬೇಕು. ನಿಮ್ಮ ಕಾರ್ಡ್ ಸತ್ತೋಗಿದೆ. ಸಂಜೆ ಐದರೊಳಗೆ ಜೀವ ಇರೋದು ತನ್ನಿ."

"ನಾನು ಬದುಕಿದೀನಲ್ಲ ಮೇಡಂ."

"ಅದನ್ನ ಕಾರ್ಡ್ ಹೇಳ್ಬೇಕು."

ವಾರ್ಡಿನಲ್ಲಿ ತಾಯಿ ಕಾಲಿಗೆ ಇಟ್ಟಿಗೆ ತೂಗುಹಾಕಿಸಿಕೊಂಡು ಮಲಗಿದ್ದರು. ತಡ ಮಾಡಿದರೆ ಇವರು ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿಹೋಗಿದ್ದರು. ಮಗನ ಮುಖ ನೋಡಿ ತಾಯಿಯೇ ಸಮಾಧಾನ ಹೇಳಿದರು: "ನಾನು ಮೂಳೆ ಮುರ್ಕೊಂಡೆ, ನೀನು ಕಾಗದ ಮುರ್ಕೊಂಡೆ. ಹೋಗು, ಮೊದ್ಲು ನಿನ್ನದು ಕಟ್ಟಿಸ್ಕೊಂಡು ಬಾ."

ಪ್ರೂಫಣ್ಣ ಪತ್ರಿಕೆಯ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಪ್ರೂಫು ತಿದ್ದುತ್ತಿದ್ದ. ಬೀದಿಯವರು ಪ್ರೀತಿಯಿಂದ ಇಟ್ಟ ಹೆಸರು ಅದು. ಮದುವೆಯ ಕಾಗದ ಕೈಗೆ ಬಂದರೂ ಮೊದಲು ತಪ್ಪು ಹುಡುಕಿ, ಆಮೇಲೆ ಯಾರ ಮದುವೆ ಎಂದು ನೋಡುವ ಸ್ವಭಾವ.

ಗುರುತಿನ ಕಚೇರಿಯಲ್ಲಿ ನಿಯಮ ಬದಲಾಗಿತ್ತು. ಐವತ್ತು ದಾಟಿದವರು ಕಾರ್ಡ್ ಹೊಸದು ಮಾಡಿಸಿಕೊಳ್ಳಲು ಹುಟ್ಟಿದ ದಾಖಲೆ ತೋರಿಸಬೇಕು. ಅವನು ಹುಟ್ಟಿದ ವರ್ಷದ ಪುಸ್ತಕವನ್ನು ಗೆದ್ದಲು ತಿಂದಿತ್ತು.

"ನಮ್ಮಮ್ಮನ ಕಾರ್ಡ್ ಇದೆ ಸಾರ್, ಸರಿಯಾಗೇ ಇದೆ," ಎಂದ ಪ್ರೂಫಣ್ಣ.

"ಅವರು ಇಲ್ಲಿಯವರು, ಸರಿ," ಎಂದ ಗುಮಾಸ್ತ. "ನೀವು ಅವರ ಮಗ ಅನ್ನೋದಕ್ಕೇ ಆ ಪುಸ್ತಕ ಬೇಕಾಗಿತ್ತು. ಹೋಗ್ಲಿ, ಅರ್ಜೀಲಿ ತಂದೆ ತಾಯಿ ಹೆಸರು ತುಂಬಿ, ಅಕ್ಕಪಕ್ಕದೋರು ಇಬ್ಬರನ್ನ ಕರೆಸಿ. ನೀವು ಇಲ್ಲಿಯವರು ಅಂತ ಅವರು ಹೇಳಿದ್ರೆ ಮುಗೀತು."

ಅಕ್ಕಪಕ್ಕದವರಿಗೇನು ಬರವೇ? ಫೋನು ಮಾಡಿದ ಅರ್ಧ ಗಂಟೆಯಲ್ಲಿ ಎದುರುಮನೆಯ ಹಿಟ್ಟಿನ ಗಿರಣಿಯವನು ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡೇ ಬಂದ. ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು.

"ಹೆಸರೇ ಪ್ರೂಫು, ಕೈಲಿ ಮಾತ್ರ ಪ್ರೂಫಿಲ್ಲ," ಎಂದು ಗಿರಣಿಯವನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ನಕ್ಕ. ಸಾಲೂ ನಕ್ಕಿತು. ಪ್ರೂಫಣ್ಣ ನಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ಆಗಿತ್ತು.

ಮೊದಲ ಸಾಕ್ಷಿ ಗಿರಣಿಯವನು. ಸ್ನೇಹಿತನಿಗೆ ಅನುಕೂಲವಾಗಲಿ ಎಂದು ಎದೆ ತುಂಬಿ ಹೇಳಿದ: "ಇವರಾ ಸಾರ್? ನಮ್ಮೋರ ಥರಾನೇ. ಇಷ್ಟು ವರ್ಷದಲ್ಲಿ ಒಂದು ದಿನ ಬೇರೆಯೋರು ಅಂತ ಅನ್ನಿಸಿಲ್ಲ."

ಗುಮಾಸ್ತ ಬರೆದುಕೊಂಡ. ಪ್ರೂಫಣ್ಣ ತಲೆಕೆಳಗಾದ ಅಕ್ಷರಗಳನ್ನು ಮೇಜಿನ ಈಚೆಯಿಂದಲೇ ಓದಿದ: 'ನಮ್ಮವರಂತೆ. ಬೇರೆಯವರೆಂದು ಅನ್ನಿಸುವುದಿಲ್ಲ.'

"ಸಾರ್, 'ನಮ್ಮವರಂತೆ' ಅಂತ ಬರೀಬೇಡಿ," ಎಂದ. "ಅದಕ್ಕೆ ಎರಡರ್ಥ ಬರುತ್ತೆ. ನಮ್ಮವರ ಹಾಗೆ ಅಂತ ಒಂದು. ನಮ್ಮವರು ಅಂತ ಯಾರೋ ಹೇಳಿದ್ರು ಅನ್ನೋದು ಇನ್ನೊಂದು."

ಗುಮಾಸ್ತ ಪೆನ್ನು ತಡೆದು ಯೋಚಿಸಿದ. "ನಮ್ಮವರ ಹಾಗೆ ಅಂದ್ರೆ ನಮ್ಮವರಲ್ಲ. ಯಾರೋ ಹೇಳಿದ್ರು ಅಂದ್ರೆ ಇವರಿಗೆ ಗೊತ್ತಿಲ್ಲ. ಯಾವುದನ್ನ ಇಟ್ಕೊಳ್ತೀರಿ?"

"ನಾನು ಒಳ್ಳೇದೇ ಹೇಳಿದ್ನಲ್ಲ," ಎಂದ ಗಿರಣಿಯವನು.

ಟೀಚರಮ್ಮ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಮೂವತ್ತು ವರ್ಷ ವ್ಯಾಕರಣ ಕಲಿಸಿದವರು. "ಇವರು ನಮ್ಮವರೇ. 'ಏ' ದೀರ್ಘ ಬರ್ಕೊಳ್ಳಿ," ಎಂದರು. ಪ್ರೂಫಣ್ಣನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

"ಎಷ್ಟು ವರ್ಷದಿಂದ ಗೊತ್ತು?" ಎಂದ ಗುಮಾಸ್ತ.

"ಅವರು ಬಂದಾಗಿಂದ."

ಗುಮಾಸ್ತನ ಪೆನ್ನು ಕಿವಿ ನಿಮಿರಿಸಿತು. "ಬಂದಾಗಿಂದ. ಎಲ್ಲಿಂದ ಬಂದ್ರು?"

"ಆಚೆಯಿಂದ," ಎಂದು ಟೀಚರಮ್ಮ ಕಿಟಕಿಯ ಕಡೆ ಕೈ ತೋರಿಸಿದರು. ಕಿಟಕಿಯ ಹೊರಗೆ ಕಾಲುವೆ, ಕಾಲುವೆಯ ಆಚೆ ಪ್ರೂಫಣ್ಣನ ಹಳೆಯ ಬಾಡಿಗೆ ಮನೆ. ಗುಮಾಸ್ತ ತಲೆ ಎತ್ತದೆ ಬರೆದ: 'ಆಚೆಯಿಂದ ಬಂದವರು.'

"ಕಾಲುವೆ ಆಚೆಯಿಂದ ಸಾರ್. ಕೈ ತೋರಿಸಿದ್ರಲ್ಲ," ಎಂದ ಪ್ರೂಫಣ್ಣ.

"ಕೈ ತೋರಿಸಿದ್ದನ್ನ ಬರೆಯೋಕೆ ಇಲ್ಲಿ ಜಾಗ ಕೊಟ್ಟಿಲ್ಲ. ಹೇಳಿದ್ದು ಹೇಳಿದ ಹಾಗೇ ಬರೀಬೇಕು ಅಂತ ನಿಯಮ. ಮೇಲೆ ಸಾಹೇಬರನ್ನ ನೋಡಿ."

ಸಾಹೇಬರನ್ನು ನೋಡುವ ಹೊತ್ತಿಗೆ ಮೂರೂಮುಕ್ಕಾಲಾಯಿತು. ಬೆಂಚಿನ ಮೇಲೆ ಸಾಕ್ಷಿಗಳಿಬ್ಬರೂ ಅವನ ಎಡಬಲಕ್ಕೆ ಕೂತು, ತಪ್ಪು ಯಾರದು ಎಂದು ಅವನ ಮೂಗಿನ ಮುಂದೆಯೇ ವಾದ ಮಾಡಿದರು.

ಸಾಹೇಬರು ಮೃದು ಮಾತಿನವರು. ಬೆಣ್ಣೆಯಲ್ಲಿ ಅದ್ದಿದ ಬ್ಲೇಡಿನ ಹಾಗಿದ್ದರು. "ಬನ್ನಿ, ಕೂತ್ಕೊಳ್ಳಿ. ಊಟ ಆಯ್ತಾ?"

"ಇಲ್ಲ ಸಾರ್, ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದ ಪ್ರೂಫಣ್ಣ, ಇದ್ದದ್ದನ್ನು ಇದ್ದ ಹಾಗೆ.

ಸಾಹೇಬರು ಕಾಗದದ ಮೇಲೆ ಒಂದು ಸಣ್ಣ ಗುರುತು ಹಾಕಿಕೊಂಡರು. "ನೋಡಿ, ಕಾಗದ ಯಾರು ಬೇಕಾದ್ರೂ ಮಾಡಿಸ್ತಾರೆ. ಮಾತಿನ ಸೂಕ್ಷ್ಮ ಮಾಡಿಸೋಕಾಗಲ್ಲ. ಊಟ ಆಯ್ತಾ ಅಂದ್ರೆ ನಮ್ಮವರು, ಹೊಟ್ಟೆ ಬೆನ್ನಿಗೆ ಅಂಟಿದ್ರೂ, ಆಯ್ತು ಅಂತಾರೆ. ನೀವು ಲೆಕ್ಕ ಒಪ್ಪಿಸಿದ್ರಿ. ಇರ್ಲಿ, ಇನ್ನೊಂದು ಕೇಳ್ತೀನಿ. ಯಾರದೋ ಮನೆಗೆ ಹೋಗಿರ್ತೀರಿ. ಹೊರಡುವಾಗ ಏನಂತೀರಿ?"

'ಬರ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಕೆಳಗೆ ಅವನನ್ನು ಮುಳುಗಿಸಿದ್ದು ಇದೇ ಬರುವ ಮಾತಲ್ಲವೇ? ಈಗ ತಾನೇ ಬಾಯಿಬಿಟ್ಟು ಬರ್ತೀನಿ ಎಂದರೆ, ಎಲ್ಲಿಂದ ಎಂದು ಕೇಳದೆ ಬಿಡುತ್ತಾರೆಯೇ? ಪ್ರೂಫಣ್ಣ ಬೆವರು ಒರೆಸಿಕೊಂಡ.

"ಹೋಗ್ತೀನಿ ಅಂತೀನಿ ಸಾರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ನಿಜವಾಗಿಯೂ ಬೇಸರವಾದಂತಿತ್ತು. "ಮೂರು ವರ್ಷದ ಮಗು ಕೂಡ ಬರ್ತೀನಿ ಅನ್ನುತ್ತೆ."

"ನನಗೂ ಗೊತ್ತು ಸಾರ್. ಹೆದರಿ ಹಾಗಂದೆ."

"ಇಲ್ಲಿಯವರಾಗಿದ್ರೆ ಯಾಕೆ ಹೆದರ್ತಿದ್ರಿ?"

ಪ್ರೂಫಣ್ಣನಿಗೆ ತಾಯಿಯ ನೆನಪಾಯಿತು. ಸೊಂಟದ ವಿಷಯ, ಆಪರೇಷನ್ನು, ಐದು ಗಂಟೆ, ಎಲ್ಲವನ್ನೂ ಹೇಳಿಕೊಂಡ. ಹೇಳುತ್ತ ಹೇಳುತ್ತ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಸಾಹೇಬರು ಕಲ್ಲಲ್ಲ. ಎದ್ದು ಅವನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟರು. "ಅಳ್ಬೇಡಿ. ದಾರಿ ಇದೆ. ಹೊರಗಿನಿಂದ ಬಂದು ಮೂವತ್ತು ವರ್ಷಕ್ಕಿಂತ ಹೆಚ್ಚು ಇಲ್ಲಿದ್ದು, ಒಳ್ಳೆಯವರು ಅಂತ ಇಬ್ಬರು ಸಾಕ್ಷಿ ಹೇಳಿದ್ರೆ, ಅಂಥವರನ್ನ ಸೇರಿಸ್ಕೊಳ್ಳೋ ಅಧಿಕಾರ ನನಗಿದೆ. ನಿಮ್ಮ ಸಾಕ್ಷಿಗಳು ಎಷ್ಟು ಚೆನ್ನಾಗಿ ಹೇಳಿದಾರೆ ನೋಡಿ. ಇಲ್ಲಿ ಒಂದು ಸಹಿ ಹಾಕಿ, ಹತ್ತು ನಿಮಿಷದಲ್ಲಿ ಕಾರ್ಡ್."

ಅವನು ಬೆಳಿಗ್ಗೆ ತುಂಬಿದ್ದ ಅರ್ಜಿಯ ಕೆಳಗೆ ಹೊಸದಾಗಿ ಒಂದೇ ಸಾಲು ಸೇರಿತ್ತು: 'ನಾನು ಹೊರಗೀನವನು, ಇಂದಿನಿಂದ ಈ ನಾಡಿನವನಾಗಿರಲು ಒಪ್ಪಿರುತ್ತೇನೆ.'

ಪ್ರೂಫಣ್ಣ ಆ ಸಾಲನ್ನೇ ನೋಡುತ್ತ ಕೂತ. ಈ ಊರಿನ ನೀರು ಬಿಟ್ಟು ಬೇರೆ ನೀರು ಕುಡಿದವನಲ್ಲ. ಸುಳ್ಳಿಗೆ ಸಹಿ ಹಾಕಬೇಕು. ಅದೂ ಕಾಗುಣಿತ ತಪ್ಪಿದ ಸುಳ್ಳು. 'ಗೀ' ಮೇಲಿನ ದೀರ್ಘ ಹೊಡೆದುಹಾಕಲು ಬೆರಳು ತುರಿಸಿತು. ಗಡಿಯಾರದಲ್ಲಿ ನಾಲ್ಕು ಗಂಟೆ ಐದು ನಿಮಿಷ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಕಣ್ಣಿಗೆ ಬಿದ್ದ ತಪ್ಪನ್ನು ಹಾಗೇ ಬಿಟ್ಟು, ಕೆಳಗೆ ಸಹಿ ಹಾಕಿದ.

ಕಾರ್ಡು ಯಂತ್ರದಿಂದ ಆಗಷ್ಟೇ ಬೆಂದ ಬ್ರೆಡ್ಡಿನ ಹಾಗೆ ಬಿಸಿಬಿಸಿಯಾಗಿ ಬಂತು. ಸಾಹೇಬರು ಕೈ ಕುಲುಕಿ, "ಸ್ವಾಗತ," ಎಂದರು. ಐವತ್ತೆರಡು ವರ್ಷದಿಂದ ಇಲ್ಲೇ ಇದ್ದವನು, "ಬಹಳ ಉಪಕಾರ ಆಯ್ತು ಸಾರ್," ಎಂದ.

ಸಾಕ್ಷಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಅವನು ಆಸ್ಪತ್ರೆಗೆ ಓಡಿದ. ಗಿರಣಿಯವನು ದಾರಿಯಲ್ಲಿ ಕಿತ್ತಳೆ ಕೊಂಡ. ಟೀಚರಮ್ಮ ಕೊನೆಗೂ ತಮ್ಮ 'ಏ' ದೀರ್ಘವೇ ಕೆಲಸ ಮಾಡಿತೆಂದರು. ಕೌಂಟರು ತಲುಪಿದಾಗ ಐದಕ್ಕೆ ಹತ್ತು ನಿಮಿಷ ಇತ್ತು.

ಕೌಂಟರಿನವಳು ಕಾರ್ಡನ್ನು ಯಂತ್ರಕ್ಕೆ ತೋರಿಸಿದಳು. ಹಸಿರು ದೀಪ ಹತ್ತಿತು. "ನಿಮ್ಮದು ಸರಿ ಹೋಯ್ತು," ಎನ್ನುತ್ತ ತಾಯಿಯ ಕಾರ್ಡ್ ತೋರಿಸಿದಳು. ಕೆಂಪು ದೀಪ ಹತ್ತಿತು. ಒರೆಸಿ ಮತ್ತೆ ತೋರಿಸಿದಳು. ಮತ್ತೆ ಕೆಂಪು. ಪರದೆಯ ಹತ್ತಿರ ಬಾಗಿ ಓದಿದಳು.

"ನಿಮ್ಮ ತಾಯಿ ಕಾರ್ಡ್ ತಡೆಹಿಡಿದಿದಾರೆ. ಇವತ್ತು ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ."

"ಯಾಕೆ ಮೇಡಂ? ಅವರು ಇಲ್ಲಿಯವರೇ."

"ಮಗ ಹೊರಗಿನವರು ಅಂತ ಇದೆ. ಮಗ ಹೊರಗಿನಿಂದ ಬಂದಿದ್ರೆ, ಹೆತ್ತವರು ಎಲ್ಲಿಂದ ಬಂದ್ರು ಅಂತ ನೋಡ್ಬೇಕಲ್ಲ."

"ನಾನು ಅವರ ಮಗ ಅನ್ನೋದಕ್ಕೇ ದಾಖಲೆ ಇಲ್ಲ ಅಂದಿದ್ರು ಅಲ್ಲಿ."

"ಈಗ ಇದೆ. ಅರ್ಜೀಲಿ ತಾಯಿ ಹೆಸರು ನೀವೇ ಬರೆದು ಸಹಿ ಹಾಕಿದೀರಿ." ಅವಳ ದನಿಯಲ್ಲಿ ಕೆಡುಕಿರಲಿಲ್ಲ. ಇಂಥದ್ದನ್ನು ದಿನಕ್ಕೆ ನಾಲ್ಕು ಸಲ ಹೇಳುವವರ ಆಯಾಸವಿತ್ತು. "ವಿಚಾರಣೆ ಮುಗಿಯೋವರೆಗೆ ಆಪರೇಷನ್ ಇಲ್ಲ, ಬೆಡ್ಡೂ ಇಲ್ಲ. ಮೂರು ತಿಂಗಳಾಗ್ಬಹುದು. ಒಳ್ಳೇ ಸಾಕ್ಷಿ ಸಿಕ್ಕಿದ್ರೆ ಬೇಗ ಆಗುತ್ತೆ."

"ನಾವಿದೀವಲ್ಲ," ಎಂದರು ಹಿಂದಿನಿಂದ ಇಬ್ಬರೂ ಒಟ್ಟಿಗೆ.

ಪ್ರೂಫಣ್ಣ ತಿರುಗಿ ನೋಡಲಿಲ್ಲ. ವಾರ್ಡಿನಲ್ಲಿ ಆಗಲೇ ನರ್ಸು ತಾಯಿಯ ಕಾಲಿನ ಇಟ್ಟಿಗೆ ಬಿಚ್ಚುತ್ತಿದ್ದಳು. ಅದನ್ನು ಕಂಡು, ಆಪರೇಷನ್ನಿಗೆ ಸಿದ್ಧ ಮಾಡುತ್ತಿದ್ದಾರೆ ಎಂದುಕೊಂಡು ತಾಯಿ ಬಾಗಿಲಿನಾಚೆಯಿಂದ ಅವನ ಕಡೆ ಕೈಯಾಡಿಸಿದರು.

ಕೌಂಟರಿನವಳು ಇನ್ನೊಂದು ಕಾಗದವನ್ನು ಮುಂದೆ ತಳ್ಳಿದಳು. "ರೋಗಿಯನ್ನ ಮನೆಗೆ ಕರ್ಕೊಂಡು ಹೋಗೋ ಪತ್ರ. ಇಲ್ಲಿ ಸಹಿ ಹಾಕಿ, ನಿಮ್ಮ ಕಾರ್ಡ್ ನಂಬರ್ ಬರೀರಿ. ಅವಧಿ ಮುಗಿದಿರಬಾರದು."

ಅವನು ಕಾರ್ಡ್ ತಿರುಗಿಸಿ ನೋಡಿದ. ಇನ್ನೂ ಹತ್ತು ವರ್ಷ ಇತ್ತು.